ಗೆರೆಯಪ್ಪನ ಸುತ್ತಿಗೆ

ನನ್ನ ಭಾವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಬರೆಯುವಾಗ ಎಲ್ಲರೂ ಸಕ್ಕರೆ ಸುರಿಯುತ್ತಾರೆ. ನನ್ನ ಕೈಯಲ್ಲಿ ಅದು ಆಗದು. ಆತ ನನ್ನ ಗಂಡನ ಅಣ್ಣ. ಮದುವೆಯಿಲ್ಲ, ಮಕ್ಕಳಿಲ್ಲ, ಬೀಡಿಯ ಚಟವೂ ಇಲ್ಲ. ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಮುಂದಿನ ಕೋಣೆ ಆತನದು. ನಾನು ಮದುವೆಯಾಗಿ ಬಂದ ಮೂರನೇ ದಿನ ಸೀಮೆಎಣ್ಣೆ ಬಾಟಲಿಗೆ ಪೆನ್ಸಿಲಿನಿಂದ ಒಂದು ಗೀಟು ಹಾಕಿದರು. ‘ಯಾಕೆ ಭಾವ?’ ಎಂದೆ. ‘ಎಷ್ಟು ಖರ್ಚಾಗತ್ತೆ ಅಂತ ಗೊತ್ತಾಗಲಿ’ ಎಂದರು. ನಾನೇನು ಎಣ್ಣೆ ಕುಡಿಯುತ್ತೇನೆಯೇ? ಅಂದಿನಿಂದಲೇ ಹಗೆ ಶುರುವಾಯಿತು.

ಊರಿನಲ್ಲಿ ಆತನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಗೆರೆಯಪ್ಪ ಎಂದರೆ ಎಲ್ಲರಿಗೂ ಗೊತ್ತು. ನಮ್ಮದು ಚಿನ್ನದ ಗಣಿಯ ಊರು, ಗಣಿ ಸರ್ಕಾರದ್ದು. ಭಾವ ಅಲ್ಲಿ ಸ್ಯಾಂಪಲ್ ತೆಗೆಯುವವರು. ನೆಲದ ಕೆಳಗೆ ಚಿನ್ನ ಗಟ್ಟಿಯಾಗಿ ಕೂತಿರುವುದಿಲ್ಲ. ಬಿಳಿ ಬೆಣಚುಕಲ್ಲಿನ ಒಂದು ಪದರ ಗೋಡೆಯಂತೆ ಇಳಿದುಕೊಂಡು ಹೋಗಿರುತ್ತದೆ. ಅದರ ಒಂದು ಅಂಚಿನಲ್ಲಿ ನೀಲಿಗಪ್ಪು ಬಣ್ಣದ ಸಣ್ಣ ಪಟ್ಟಿ. ಚಿನ್ನವೆಲ್ಲ ಹೆಚ್ಚುಕಡಿಮೆ ಆ ಪಟ್ಟಿಯಲ್ಲೇ, ಅದೂ ಕಣ್ಣಿಗೆ ಕಾಣದ ಪುಡಿ. ಸ್ಯಾಂಪಲ್ ತೆಗೆಯುವವನು ಪದರದ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಅಗಲ, ಒಂದೇ ಆಳ ಕೆತ್ತಿ ಚೂರುಗಳನ್ನು ಚೀಲಕ್ಕೆ ತುಂಬಬೇಕು. ಆದರೆ ಬಿಳಿಕಲ್ಲು ಕಬ್ಬಿಣದಂತೆ ಗಟ್ಟಿ, ಕಪ್ಪುಪಟ್ಟಿ ಮೆದು. ಎಂಟು ಗಂಟೆ ಬೆವರಿನಲ್ಲಿ ನಿಂತವನ ಸುತ್ತಿಗೆ ತಾನಾಗಿಯೇ ಮೆದುವಿನ ಕಡೆ ವಾಲುತ್ತದೆ. ಬೇಕೆಂದು ಮಾಡಿದ ಮೋಸವಲ್ಲ ಅದು, ತೋಳಿನ ದಣಿವು. ಆದರೆ ಚೀಲದಲ್ಲಿ ಕಪ್ಪು ಜಾಸ್ತಿ ಬಂದರೆ ಕಾಗದದ ಮೇಲೆ ಇಲ್ಲದ ಚಿನ್ನ ಹುಟ್ಟುತ್ತದೆ.

ಭಾವ ಮೊದಲು ಕಲ್ಲಿನ ಮೇಲೆ ಅಂಗೈಯಗಲ ಬಿಟ್ಟು ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆಯುತ್ತಿದ್ದರು. ಆಮೇಲೆಯೇ ಉಳಿ. ಬಿಳಿಯಲ್ಲಿ ಹತ್ತು ಏಟಿಗೆ ಬರುವ ಚೂರು ಕಪ್ಪಿನಲ್ಲಿ ಒಂದೇ ಏಟಿಗೆ ಬಂದರೆ, ಹೆಚ್ಚಾದದ್ದನ್ನು ಚೆಲ್ಲಿಬಿಡುತ್ತಿದ್ದರು. ‘ಗೆರೆಯಪ್ಪ ಊಟದ ತಟ್ಟೆಯಲ್ಲೂ ಎರಡು ಗೆರೆ ಎಳ್ಕೊಂಡೇ ಕೈ ಹಾಕೋದು’ ಎಂದು ಹಗ್ಗದ ಕೇಜಿನಲ್ಲಿ ಗಣಿಗೆ ಇಳಿಯುವವರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಂಡರೂ ನಂಬುತ್ತಿದ್ದರು. ಆಫೀಸಿನ ದೊಡ್ಡವರೂ ‘ಅವನದಾ? ಹಾಗಾದರೆ ಇನ್ನೊಂದು ಸಲ ನೋಡುವುದು ಬೇಡ’ ಎನ್ನುತ್ತಿದ್ದರಂತೆ. ಆ ಮನುಷ್ಯನ ಆಸ್ತಿ ಅಷ್ಟೇ. ಸುತ್ತಿಗೆ ವಾಲುವುದಿಲ್ಲ ಎಂಬ ಹೆಸರು. ಅದು ಬಿಟ್ಟರೆ ಎರಡು ಅಂಗಿ, ಒಂದು ಟ್ರಂಕು.

ನನಗೂ ಅಲ್ಲೇ ಕೆಲಸ. ಮೂರನೇ ಕ್ಲಾಸಿನವರೆಗೆ ಓದಿದ್ದೆ. ಚೀಲದ ಚೀಟಿಯ ಮೇಲಿನ ಅಂಕಿ ಓದಲು ಅಷ್ಟು ಸಾಕು. ಸ್ಯಾಂಪಲ್ ರೂಮಿನಲ್ಲಿ ನಾವು ನಾಲ್ಕು ಹೆಂಗಸರು. ಚೀಲ ಬಂದ ಮೇಲೆ ಕಲ್ಲನ್ನು ಮೆಷಿನ್ನಿಗೆ ಹಾಕಿ ಒಡೆಯುವುದು, ಕಬ್ಬಿಣದ ಒರಳಿನಲ್ಲಿ ಕುಟ್ಟುವುದು, ಜರಡಿ ಹಿಡಿಯುವುದು. ಆ ಪುಡಿಯನ್ನು ರಬ್ಬರು ಹಾಳೆಯ ಮೇಲೆ ಸುರಿದು, ನಾಲ್ಕು ಮೂಲೆ ಎತ್ತಿ ಎತ್ತಿ ಉರುಳಿಸಿ ಬೆರೆಸುವುದು. ಆಮೇಲೆ ರಾಶಿ ಮಾಡಿ, ಚಪ್ಪಟೆ ಒತ್ತಿ, ಸಮವಾಗಿ ಪಾಲು ಮಾಡುವುದು. ಅರ್ಧ ಪಾಲು ಪೊಟ್ಟಣವಾಗಿ ಕುಲುಮೆ ಮನೆಗೆ ಹೋಗುತ್ತದೆ, ಅಲ್ಲಿ ಕರಗಿಸಿ ಟನ್ನಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ಉಳಿದ ಅರ್ಧ ತಗಡಿನ ಡಬ್ಬಿಯಲ್ಲಿ ಚೀಟಿ ಸಮೇತ ಒಂದು ತಿಂಗಳು ಕಪಾಟಿನಲ್ಲಿ ಇರುತ್ತದೆ. ಅದಕ್ಕೆ ಉಳಿಕೆ ಡಬ್ಬಿ ಎಂದು ಹೆಸರು. ಅದನ್ನು ಯಾರೂ ತೆರೆದದ್ದನ್ನು ನಾನು ನೋಡಿರಲಿಲ್ಲ.

ಆ ವರ್ಷ ರಾಜಧಾನಿಯಿಂದ ಒಂದು ಕಮಿಟಿ ಬಂತು. ದೇಶದಲ್ಲಿ ಸರ್ಕಾರದ ಚಿನ್ನದ ಗಣಿ ಇದ್ದದ್ದು ಮೂರು. ಇನ್ನು ಇಪ್ಪತ್ತು ವರ್ಷ ಈ ಮೂರರಿಂದ ಎಷ್ಟು ಚಿನ್ನ ಬರುತ್ತದೆ, ಎಷ್ಟು ಖರ್ಚಿನಲ್ಲಿ ಬರುತ್ತದೆ ಎಂದು ಅವರು ಬರೆದುಕೊಡಬೇಕಿತ್ತು. ಮೇಲಿನ ಅಂತಸ್ತುಗಳಲ್ಲಿ ತೆಗೆಯುವುದನ್ನೆಲ್ಲ ಅಜ್ಜಂದಿರ ಕಾಲದಲ್ಲೇ ತೆಗೆದು ಆಗಿತ್ತು. ಇನ್ನು ಉಳಿದದ್ದು ತೀರಾ ಕೆಳಗಿನದು. ಕೆಳಗೆ ಹೋದಷ್ಟೂ ಕಲ್ಲು ಒಲೆಯಂತೆ ಸುಡುತ್ತದೆ. ತಂಪು ಗಾಳಿ ಒಳಕ್ಕೆ ದಬ್ಬಬೇಕು, ನೀರು ಮೇಲಕ್ಕೆ ಎತ್ತಬೇಕು. ಒಂದು ಕೇಜು ಸಾಲದು, ನಡುವೆ ಇಳಿದು ಇನ್ನೊಂದನ್ನು ಹತ್ತಬೇಕು. ಟನ್ನಿಗೆ ಆರು ಗ್ರಾಂ ಸಿಕ್ಕರೆ ಮಾತ್ರ ಗಿಟ್ಟುತ್ತದೆ, ಇಲ್ಲದಿದ್ದರೆ ಚಿನ್ನದ ಬೆಲೆಗಿಂತ ಅದನ್ನು ಮೇಲಕ್ಕೆ ತರುವ ಖರ್ಚೇ ಜಾಸ್ತಿ ಎಂದು ಕಮಿಟಿಯವರು ಹೇಳಿದರು. ಆರು ಎನ್ನುವುದು ಊರಿಗೆಲ್ಲ ಬಾಯಿಪಾಠವಾಯಿತು. ಕೆಳಗಿನ ಅಂತಸ್ತಿನ ಸ್ಯಾಂಪಲ್ ತೆಗೆಯುವ ಕೆಲಸ ಭಾವನಿಗೆ ಬಂತು.

ಆಗ ನೋಡಬೇಕಿತ್ತು ನಮ್ಮ ಮನೆಗೆ ಬಂದ ಜನ. ಯೂನಿಯನ್ ಸೆಕ್ರೆಟರಿ ಬಂದು ಚಾಪೆಯ ಮೇಲೆ ಕೂತ. ‘ಅಣ್ಣಾ, ನಿಮಗೆ ಹೇಳೋಷ್ಟು ದೊಡ್ಡವನಲ್ಲ ನಾನು. ಸುತ್ತಿಗೆ ಸ್ವಲ್ಪ ಆ ಕಡೆ ಬಿದ್ರೆ ಸಾವಿರ ಮನೇಲಿ ಒಲೆ ಉರಿಯತ್ತೆ’ ಎಂದ.

‘ಸುತ್ತಿಗೆ ಎಲ್ಲಿ ಹೊಡೀತೀನೋ ಅಲ್ಲೇ ಬೀಳತ್ತೆ’ ಎಂದರು ಭಾವ.

‘ಕಲ್ಲಿಗಾದ್ರೂ ಕರುಣೆ ಇರತ್ತಪ್ಪ’ ಎಂದು ಅವನು ಎದ್ದು ಹೋದ. ನಾನು ಕೊಟ್ಟ ಚಹಾ ಮುಟ್ಟಲಿಲ್ಲ.

ನನ್ನ ಗಂಡ ಕೆಳಗಿನ ಅಂತಸ್ತಿನಲ್ಲಿ ಮರದ ಕಂಬ ನಿಲ್ಲಿಸುವವರು. ಅಣ್ಣನ ಎದುರು ಬಾಯಿ ಬಿಡುವ ಪೈಕಿಯಲ್ಲ. ನಾನೇ ಕೇಳಿದೆ. ‘ಭಾವ, ಗಣಿ ಮುಚ್ಚಿದ್ರೆ ಈ ಮನೆ ಬಿಡಬೇಕು. ಮಗನಿಗೆ ಇನ್ನೂ ಆರು ವರ್ಷ. ನಿಮಗೇನು, ಟ್ರಂಕು ಎತ್ಕೊಂಡು ಎಲ್ಲಿಗಾದ್ರೂ ಹೋಗ್ತೀರಿ.’

‘ಹೂಂ, ಹೋಗ್ತೀನಿ’ ಎಂದರು. ಅಷ್ಟೇ! ಮೈಯೆಲ್ಲ ಉರಿದುಹೋಯಿತು.

ಅವರು ಚೀಲಗಳನ್ನು ಕಳಿಸತೊಡಗಿದರು. ಮೊದಲ ಚೀಲ ಒರಳಿಗೆ ಹಾಕಿದಾಗಲೇ ನನಗೆ ಗೊತ್ತಾಯಿತು. ಹತ್ತು ವರ್ಷ ಕುಟ್ಟಿದ ಕೈ ಇದು. ಬರೀ ಬಿಳಿ, ಹಲ್ಲು ಜುಮ್ಮೆನ್ನುವಂಥ ಬಿಳಿ. ಆರು ಬರುವ ಕಲ್ಲಲ್ಲ ಅದು.

ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಚಿನ್ನದ ಪುಡಿ ಭಾರ. ಬೆರೆಸಿದ ಮೇಲೆ ಹಾಳೆಯ ಅಂಚನ್ನು ಬೆರಳಿನಿಂದ ತಟ್ಟುತ್ತಾ ಹೋದರೆ ಭಾರದ್ದು ಮೆಲ್ಲಗೆ ತಳಕ್ಕೆ ಇಳಿಯುತ್ತದೆ, ಜರಡಿಯಲ್ಲಿ ಹಿಟ್ಟು ಇಳಿದ ಹಾಗೆ. ಮೇಲಿನ ಅರ್ಧವನ್ನು ಕೈಯಿಂದ ಸರಿಸಿ ಡಬ್ಬಿಗೆ ಹಾಕಿದೆ. ತಳದ ಅರ್ಧವನ್ನು ಕುಂಚದಿಂದ ಗುಡಿಸಿ ಪೊಟ್ಟಣ ಕಟ್ಟಿದೆ. ಪಕ್ಕದಲ್ಲಿ ಕೂತವಳು ‘ಏನೇ, ಇವತ್ತು ತಬಲಾ ಬಾರಿಸ್ತಿದೀಯ?’ ಎಂದಳು. ‘ಕೈ ಜೋಮು ಹಿಡಿದಿದೆ’ ಎಂದೆ. ಹದಿನಾಲ್ಕು ಚೀಲ ಹಾಗೆ ಮಾಡಿದೆ. ಕುಲುಮೆ ಮನೆಯಿಂದ ಬಂದ ಅಂಕಿ ಏಳು. ಸೀಲು ಬಿತ್ತು, ಸಹಿ ಬಿತ್ತು. ಊರಿನಲ್ಲಿ ಮಿಠಾಯಿ ಹಂಚಿದರು. ಭಾವನ ಬೆನ್ನು ತಟ್ಟದವರಿಲ್ಲ. ಯೂನಿಯನ್ ಸೆಕ್ರೆಟರಿ ಕಣ್ಣು ಮಿಟುಕಿಸಿ, ‘ಗೆರೆ ಸ್ವಲ್ಪ ಸೊಟ್ಟ ಆಯ್ತಾ ಅಣ್ಣಾ?’ ಎಂದ.

ಭಾವ ನಗಲಿಲ್ಲ. ಏಳು ಎಂಬ ಚೀಟಿ ಹಿಡಿದುಕೊಂಡು ಮನೆಯ ಮೆಟ್ಟಿಲ ಮೇಲೆ ಎರಡು ದಿನ ಕೂತಿದ್ದರು. ತಾವು ಕೆತ್ತಿದ ಕಲ್ಲು ತಮಗೆ ಗೊತ್ತಿಲ್ಲವೇ? ಮೂರನೇ ದಿನ ಮಧ್ಯಾಹ್ನ ಊಟದ ಗಂಟೆ ಹೊಡೆದು ಬೇರೆ ಹೆಂಗಸರು ಹೊರಗೆ ಹೋದ ಮೇಲೆ ಸ್ಯಾಂಪಲ್ ರೂಮಿಗೆ ಬಂದರು. ಬಾಗಿಲಲ್ಲೇ ನಿಂತರು.

‘ಉಳಿಕೆ ಡಬ್ಬಿ ನೋಡ್ದೆ’ ಎಂದರು.

ಒಂದೇ ರಾಶಿಯ ಎರಡು ಪಾಲು, ಎರಡೂ ಒಂದೇ ಅಂಕಿ ಬರಬೇಕು. ಹತ್ತು ವರ್ಷ ಆ ಡಬ್ಬಿಗಳಿಗೆ ಚೀಟಿ ಅಂಟಿಸಿದವಳು ನಾನೇ. ಆದರೂ ಡಬ್ಬಿಯ ಪಾಲು ಬಡವಾಗಿರುತ್ತದೆ ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಂದು ಬೆಳಗ್ಗೆಯೇ ಭಾವ ಕುಲುಮೆಯವನ ಕೈಕಾಲು ಹಿಡಿದು ಗುಟ್ಟಾಗಿ ಕರಗಿಸಿ ನೋಡಿದ್ದರು. ಪೊಟ್ಟಣದಲ್ಲಿ ಏಳು, ಡಬ್ಬಿಯಲ್ಲಿ ಎರಡು.

‘ನೋಡಿದ್ರೆ ನೋಡಿ’ ಎಂದೆ. ‘ಹೋಗಿ ಹೇಳಿ. ಕೈಗೆ ಬೇಡಿ ಹಾಕಿಸಿ. ನಿಮ್ಮ ತಮ್ಮನ ಹೆಂಡತಿ ತಾನೆ.’

‘ಆ ಕಲ್ಲಲ್ಲಿ ಇಲ್ಲಮ್ಮ.’

‘ಇಲ್ಲದಿದ್ರೆ ಸರ್ಕಾರದ್ದು ಹೋಗತ್ತೆ. ನಿಮ್ಮಪ್ಪಂದು ಹೋಗತ್ತಾ?’

‘ಇಲ್ಲದ ಚಿನ್ನಕ್ಕೆ ಇನ್ನೂ ಎರಡು ಅಂತಸ್ತು ತೋಡ್ತಾರೆ. ಅಲ್ಲಿ ಕಂಬ ನಿಲ್ಲಿಸೋನು ಯಾರು? ನನ್ನ ತಮ್ಮ. ಈಗ್ಲೇ ಮೆಟ್ಟಿಲು ಹತ್ತುವಾಗ ಮೂರು ಸಲ ನಿಲ್ತಾನೆ, ನೋಡಿದೀಯಾ?’

‘ಅವರ ಕೆಮ್ಮು ನನಗೆ ಗೊತ್ತು. ಅವರ ಹಸಿವೂ ಗೊತ್ತು. ನಿಮಗೆ ಗೊತ್ತಿರೋದು ಎರಡು ಗೆರೆ!’

ಅವರು ಹದಿನಾಲ್ಕು ಡಬ್ಬಿಗಳನ್ನೂ ಒಂದು ಗೋಣಿಗೆ ತುಂಬಿಕೊಂಡು ಹೋದರು. ದೊಡ್ಡವರಿಗೆ ತೋರಿಸಲು ಎಂದು ನಾನು ಅಂದುಕೊಂಡೆ. ಅಲ್ಲ, ಕಲ್ಲು ಅರೆಯುವ ಗಿರಣಿಯ ಬಾಯಿಗೆ ಸುರಿದರು. ಸಾವಿರ ಟನ್ ಕಲ್ಲಿನ ಜೊತೆ ನನ್ನ ತಪ್ಪಿಗಿದ್ದ ಸಾಕ್ಷಿಯೂ ಅರೆದುಹೋಯಿತು.

ಆಮೇಲೆ ಮತ್ತೆ ಕೆಳಗಿಳಿದು ಅದೇ ಹದಿನಾಲ್ಕು ಜಾಗದಲ್ಲಿ, ಹಳೆಯ ಗೆರೆಗಳ ಪಕ್ಕದಲ್ಲೇ ಹೊಸ ಗೆರೆ ಎಳೆದು ಕೆತ್ತಿಕೊಂಡು ಬಂದರು. ಚೀಲಗಳನ್ನು ನಮ್ಮ ರೂಮಿಗೆ ಕಳಿಸಲಿಲ್ಲ. ಸೌದೆ ಷೆಡ್ಡಿನಲ್ಲಿ ಕೂತು ತಾವೇ ಕುಟ್ಟಿದರು, ತಾವೇ ಪಾಲು ಮಾಡಿದರು. ಕುಲುಮೆಯವನು ಸೀಲು ಹಾಕಲು ಒಪ್ಪಲಿಲ್ಲ, ಅಂಕಿ ಮಾತ್ರ ಹೇಳಿದ. ನಾಲ್ಕೂವರೆ. ಅದನ್ನು ಒಂದು ಹಾಳೆಯಲ್ಲಿ ಬರೆದು ಕಮಿಟಿಯ ಮೇಜಿನ ಮೇಲೆ ಇಟ್ಟರು.

ವಿಚಾರಣೆ ಆಯಿತು. ಸ್ಯಾಂಪಲ್ ರೂಮಿನವರನ್ನೂ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದ್ದರು. ಬೆವರಿ ನನ್ನ ಕುಪ್ಪಸ ಬೆನ್ನಿಗೆ ಅಂಟಿತ್ತು. ಕಮಿಟಿಯ ಕನ್ನಡಕದವನು ಕೇಳಿದ, ‘ಒಂದೇ ಜಾಗ, ಒಬ್ಬನೇ ಮನುಷ್ಯ, ಒಮ್ಮೆ ಏಳು, ಒಮ್ಮೆ ನಾಲ್ಕೂವರೆ. ಹೇಗೆ?’

ಭಾವ ನನ್ನ ಕಡೆ ತಿರುಗಲೇ ಇಲ್ಲ. ‘ಮೊದಲ ಸಲ ನನ್ನ ಸುತ್ತಿಗೆ ವಾಲ್ತು ಸಾರ್’ ಎಂದರು.

‘ದಣಿವಿನಿಂದಲೋ, ಬೇಕೆಂದೋ?’

ಅಲ್ಲಿ ದಣಿವು ಎಂದು ಹೇಳಬಹುದಿತ್ತು. ಆದರೆ ದಣಿವಿಗೆ ಹದಿನಾಲ್ಕು ಚೀಲ ಒಂದೇ ಸಮ ಹೆಚ್ಚಾಗುವುದಿಲ್ಲ ಎಂದು ಆ ರೂಮಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

‘ಬೇಕು ಅಂತಲೇ.’

ಆ ಒಂದು ಮಾತಿಗೆ ಮೂವತ್ತು ವರ್ಷದ ಹೆಸರು ಹೋಯಿತು. ಗುಮಾಸ್ತ ಆತನ ಸ್ಯಾಂಪಲ್ ಲೆಕ್ಕದ ಅಷ್ಟೂ ಪುಸ್ತಕಗಳ ಮೊದಲ ಪುಟದಲ್ಲಿ ‘ನಂಬತಕ್ಕದ್ದಲ್ಲ’ ಎಂದು ಬರೆದ. ಭಾವನನ್ನು ಗಿರಣಿಯ ಕೆಸರು ಎತ್ತುವ ಕೆಲಸಕ್ಕೆ ಹಾಕಿದರು. ಕಮಿಟಿಯವರು ಯಾವ ಅಂಕಿಯನ್ನು ನಂಬಬೇಕು ಎಂದು ತಿಳಿಯದೆ ಕೆಳಗಿನ ಅಂತಸ್ತಿನ ಯೋಜನೆಯನ್ನೇ ಕೈಬಿಟ್ಟರು. ಎರಡು ವರ್ಷಕ್ಕೆ ಗಣಿ ಮುಚ್ಚಿತು. ಪಂಪು ನಿಲ್ಲಿಸಿದರು, ನೀರು ತುಂಬಿಕೊಂಡಿತು.

ಊರು ಆತನನ್ನು ಬದುಕಲು ಬಿಡಲಿಲ್ಲ. ಮೊದಲು ಊರಿಗಾಗಿ ಸುಳ್ಳು ಬರೆದ, ಆಮೇಲೆ ಹೆದರಿ ತಿರುಗಿಬಿದ್ದ, ಬೇರೆ ಗಣಿಯವರಿಂದ ಲಂಚ ತಿಂದ ಎಂದರು. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಎಸೆಯುತ್ತಿದ್ದ. ಯಾರೋ ನಮ್ಮ ಬಾಗಿಲಿಗೆ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆದು ಹೋದರು. ನನ್ನ ಗಂಡ ಅಣ್ಣನ ಜೊತೆ ಮಾತು ಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಕ್ವಾರ್ಟರ್ಸ್ ಖಾಲಿ ಮಾಡಿ ಬಸ್ ನಿಲ್ದಾಣದ ಹಿಂದೆ ಬಾಡಿಗೆ ಮನೆ ಹಿಡಿದೆವು. ಅಲ್ಲೂ ಆತ ಮುಂದಿನ ಕೋಣೆಯಲ್ಲೇ.

ಒಂದೇ ಒಂದು ಸಲ ಕೇಳಿದೆ. ಬಟ್ಟೆ ಒಗೆಯುತ್ತಿದ್ದೆ, ಅವರು ಪಕ್ಕದಲ್ಲಿ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು. ‘ಯಾಕೆ ಹಾಗೆ ಹೇಳಿದ್ರಿ? ನಾನು ಕೇಳಿದ್ನಾ?’

‘ನಿನ್ನ ಒಳಗೆ ಹಾಕಿದ್ರೆ ಇವನಿಗೂ ಮಗೂಗೂ ಬೇಯಿಸಿ ಹಾಕೋರು ಯಾರು? ನನಗೆ ಬರಲ್ಲ’ ಎಂದರು.

ಹೊಡೆಯಬೇಕು ಎನ್ನುವಷ್ಟು ಸಿಟ್ಟು ಬಂತು. ನನ್ನ ತಲೆಯ ಮೇಲೆ ಅಷ್ಟು ದೊಡ್ಡ ಕಲ್ಲು ಹೇರಿ, ಅದೂ ಅಡುಗೆ ಮನೆಯ ಲೆಕ್ಕ ಹೇಳಿ! ಒಗೆದ ಬಟ್ಟೆಯನ್ನು ಕಲ್ಲಿಗೆ ಬಡಿದದ್ದಕ್ಕೆ ಅಂಗಿಯ ಗುಂಡಿ ಹಾರಿಹೋಯಿತು. ಅದು ಅವರದೇ ಅಂಗಿ. ಐದು ವರ್ಷದ ಮೇಲೆ ಭಾವ ಹೋದರು. ಆಮೇಲೆ ಎದೆಯಲ್ಲಿ ಕಲ್ಲಿನ ದೂಳು ತುಂಬಿಕೊಂಡಿದ್ದ ನನ್ನ ಗಂಡನೂ ಹೋದರು. ಭಾವನನ್ನು ಸುಳ್ಳುಗಾರ ಅಂದುಕೊಂಡೇ ಹೋದರು. ಅವರ ಕೊನೆಯ ವಾರದಲ್ಲಿ ಎರಡು ಸಲ ಹೇಳಲು ಬಾಯಿ ತೆರೆದೆ. ಎರಡು ಸಲವೂ ‘ನೀರು ಬೇಕಾ’ ಎಂದು ಕೇಳಿದೆ.

ಹಾಗೆಯೇ ಸಾಯುತ್ತಿದ್ದೆನೇನೋ. ಆದರೆ ಚಿನ್ನದ ಬೆಲೆ ಆಕಾಶಕ್ಕೆ ಹೋಯಿತು. ಹೋದ ವರ್ಷ ಸರ್ಕಾರದಿಂದ ಮತ್ತೆ ಜನ ಬಂದರು. ಗಣಿಯ ನೀರು ತೆಗೆದು, ಕೆಳಗಿನ ಅಂತಸ್ತು ತೆರೆದು, ಮುಂದಿನ ಮೂವತ್ತು ವರ್ಷಕ್ಕೆ ದೇಶದ ಚಿನ್ನ ದೇಶದಲ್ಲೇ ತೆಗೆಯುವುದಂತೆ. ಬೆಲೆ ಏರಿದೆ, ಆದರೆ ಕರೆಂಟು, ಪಂಪು, ಕೂಲಿ, ಎಲ್ಲವೂ ಏರಿದೆ. ಈಗ ಟನ್ನಿಗೆ ಐದು ಗ್ರಾಂ ಬಂದರೆ ಗಿಟ್ಟುತ್ತದೆ ಎಂದರು. ಊರೆಲ್ಲ ಕುಣಿಯಿತು. ಯಾಕೆಂದರೆ ಕಡತದಲ್ಲಿ ಏಳು ಎಂದಿತ್ತು! ಸೀಲು ಇದೆ, ಸಹಿ ಇದೆ. ನಾಲ್ಕೂವರೆಗೆ ಏನಿದೆ? ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡವನು ಸೌದೆ ಷೆಡ್ಡಿನಲ್ಲಿ ಕುಟ್ಟಿ ಬರೆದ ಒಂದು ಹಾಳೆ.

ನನ್ನ ಮಗನಿಗೆ ಪಂಪ್ ಹೌಸಿನಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು. ಅವನು ಆಗಲೇ ಖಾಕಿ ಬಟ್ಟೆ ಹೊಲಿಸಿದ್ದ. ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು, ‘ಆ ದೊಡ್ಡಪ್ಪ ಅಂದು ಬಾಯಿ ಮುಚ್ಕೊಂಡಿದ್ರೆ ನಮ್ಮಪ್ಪನೇ ಇದನ್ನೆಲ್ಲ ನೋಡ್ತಿದ್ರು. ಸುಳ್ಳುಗಾರ ಮುದುಕ’ ಎಂದ.

‘ಅವರು ಸುಳ್ಳುಗಾರ ಅಲ್ಲ’ ಎಂದೆ. ನನ್ನ ಬಾಯಿಂದಲೇ ಬಂತು. ಅವನು ತಿರುಗಿ ನೋಡಿದ. ಮಗನಿಗೇ ಮೊದಲು ಹೇಳಿದೆ, ರಬ್ಬರು ಹಾಳೆ, ತಟ್ಟಿದ್ದು, ಡಬ್ಬಿ ಎಲ್ಲ.

ಅವನು ಖಾಕಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಆಮೇಲೆ, ‘ಹೇಳಿದ್ದು ಹೇಳಿದ್ರಿ, ಇದು ನಮ್ಮ ನಾಲ್ಕು ಗೋಡೆ ಒಳಗೇ ಇರಲಿ. ಸತ್ತೋರಿಗೆ ಹೆಸರು ಕಟ್ಕೊಂಡು ಏನಾಗಬೇಕು?’ ಎಂದ.

ಮಾರನೆಯ ದಿನ ಬೆಳಗ್ಗೆ ನಾನು ಸೀರೆ ಬದಲಾಯಿಸಿಕೊಂಡು ಗಣಿಯ ಹಳೆ ಆಫೀಸಿಗೆ ಹೋದೆ. ಅಲ್ಲಿ ಎಂಜಿನಿಯರ್ ಒಬ್ಬ ಹುಡುಗಿ, ಗಂಡಸರ ಹಾಗೆ ಬೂಟು ಹಾಕಿದ್ದಳು. ಕೇಳಿಸಿಕೊಂಡಳು, ಆದರೆ ನಂಬಲಿಲ್ಲ. ‘ಅಜ್ಜಿ, ಬೆರಳಲ್ಲಿ ತಟ್ಟಿದ್ರೆ ನಾಲ್ಕೂವರೆ ಏಳಾಗತ್ತಾ? ನಿಮಗೆ ವಯಸ್ಸಾಗಿದೆ, ಏನೋ ನೆನಪು ಕಲಸಿಹೋಗಿದೆ’ ಎಂದಳು.

‘ಕಲ್ಲು ತಾ ತಾಯಿ’ ಎಂದೆ. ‘ಮುದುಕಿಗೆ ನೆನಪು ಹೋಗಬಹುದು, ಬೆರಳಿಗೆ ಹೋಗಲ್ಲ.’

ಅವಳು ನಕ್ಕಳು. ನಕ್ಕರೂ ಹಳೆಯ ರಾಶಿಯಿಂದ ಚಿನ್ನವಿರುವ ಕಲ್ಲನ್ನು ತರಿಸಿದಳು, ಮೆಷಿನ್ನಿನಲ್ಲಿ ಪುಡಿ ಮಾಡಿಸಿದಳು. ನಾನು ನೆಲದ ಮೇಲೆ ಕೂತೆ. ಮಂಡಿ ಬಗ್ಗಲಿಲ್ಲ, ಕಾಲು ಚಾಚಿಯೇ ಕೂತೆ. ಹಾಳೆಯ ಮೇಲೆ ಉರುಳಿಸಿದೆ, ತಟ್ಟಿದೆ. ಮೇಲಿನದು ಒಂದು ಡಬ್ಬಿಗೆ, ತಳದ್ದು ಪೊಟ್ಟಣಕ್ಕೆ. ‘ಎರಡನ್ನೂ ಕರಗಿಸಿ ನೋಡು. ಒಂದೇ ಅಂಕಿ ಬಂದ್ರೆ ನನ್ನ ಹುಚ್ಚಿ ಅನ್ನು’ ಎಂದೆ.

ನಾಲ್ಕನೇ ದಿನ ಅವಳೇ ಜೀಪಿನಲ್ಲಿ ಮನೆಗೆ ಬಂದಳು. ನಗು ಇರಲಿಲ್ಲ. ಪೊಟ್ಟಣದಲ್ಲಿ ಡಬ್ಬಿಯದರ ಮೂರರಷ್ಟು ಇತ್ತಂತೆ. ಇನ್ನೂ ಒಂದು ಹೇಳಿದಳು. ನಾನು ಹೋದ ಮೇಲೆ ಭಾವನ ಪುಸ್ತಕಗಳನ್ನು ತೆಗೆಸಿ, ಮೇಲಿನ ಅಂತಸ್ತುಗಳ ಅಂಕಿಗಳನ್ನು ಗಿರಣಿಯಲ್ಲಿ ನಿಜವಾಗಿ ಬಂದ ಚಿನ್ನದ ಜೊತೆ ಹೋಲಿಸಿದಳಂತೆ. ಮೂವತ್ತು ವರ್ಷ, ಎಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ‘ಇಂಥ ಸ್ಯಾಂಪಲ್ ಮಾಡೋರನ್ನ ನಾನು ನೋಡಿಲ್ಲ ಅಜ್ಜಿ’ ಎಂದಳು. ‘ಆದ್ರೆ ಏಳು ಹೋದ್ರೆ ಯೋಜನೆಯೂ ಹೋಗತ್ತೆ. ನಿಮಗೆ ಅರ್ಥ ಆಗಿದೆ ಅಲ್ವಾ?’

‘ಅರ್ಥ ಆಗಿದೆ.’

‘ಬರೆದುಕೊಡ್ತೀರಾ?’

‘ಅಕ್ಷರ ದೊಡ್ಡದಾಗಿ ಬರತ್ತೆ. ಹಾಳೆ ಜಾಸ್ತಿ ಕೊಡು’ ಎಂದೆ.

ಬರೆದುಕೊಟ್ಟೆ. ಕೇಸು ಹಾಕುತ್ತಾರೇನೋ ಎಂದಿದ್ದೆ, ಎಪ್ಪತ್ತೆಂಟರ ಮುದುಕಿಯ ಮೇಲೆ ಯಾರು ಹಾಕುತ್ತಾರೆ? ಹೊಸ ವರದಿಯಲ್ಲಿ ಏಳನ್ನು ಹೊಡೆದುಹಾಕಿ ನಾಲ್ಕೂವರೆ ಬರೆದರು, ಪಕ್ಕದಲ್ಲಿ ಭಾವನ ಪೂರ್ತಿ ಹೆಸರು ಹಾಕಿದರು. ‘ಇವರ ಅಂಕಿಗಳನ್ನು ನಂಬಬಹುದು’ ಎಂಬ ಒಂದು ಸಾಲೂ ಇತ್ತು. ಎಂಜಿನಿಯರ್ ಹುಡುಗಿ ಆ ಪುಟವನ್ನು ನನಗೆ ಓದಿ ಹೇಳಿದಳು. ಈಗಿನ ಬೆಲೆಗೆ, ಈಗಿನ ಖರ್ಚಿಗೆ ಈ ಗಣಿ ಗಿಟ್ಟುವುದಿಲ್ಲ, ಮುಂದೆ ನೋಡೋಣ ಎಂದು ಕೊನೆಯಲ್ಲಿ ಬರೆದಿತ್ತು. ಮುಂದಿನ ವಾರ ಜೀಪುಗಳೆಲ್ಲ ಹೊರಟುಹೋದವು.

ನನ್ನ ಮಗ ಖಾಕಿ ಬಟ್ಟೆಯನ್ನು ಹಳೆ ಬಟ್ಟೆಗೆ ಪಾತ್ರೆ ಕೊಡುವವನಿಗೆ ಹಾಕಿದ. ನನ್ನ ಜೊತೆ ಮಾತಿಲ್ಲ. ಸೊಸೆ ಊಟದ ತಟ್ಟೆಯನ್ನು ಬಾಗಿಲ ಹತ್ತಿರ ಇಟ್ಟು ಹೋಗುತ್ತಾಳೆ. ಇರಲಿ, ಅವರ ಸಿಟ್ಟಿಗೆ ಅರ್ಥವಿದೆ.

ಮೊನ್ನೆ ಔಷಧಿ ತರಲು ಹೋಗಿದ್ದೆ. ಕ್ಷೌರದ ಅಂಗಡಿಯ ಮುಂದೆ ನಾಲ್ಕೈದು ಜನ ಕೂತಿದ್ದರು. ಹಳೆಯ ಯೂನಿಯನ್ ಸೆಕ್ರೆಟರಿಯೂ ಇದ್ದ, ಈಗ ಹಲ್ಲಿಲ್ಲ. ‘ಬಂದ್ಳು ನೋಡ್ರಪ್ಪ, ಗಣಿ ಮುಚ್ಚಿಸಿದೋಳು’ ಎಂದ, ನನಗೆ ಕೇಳಲಿ ಎಂದೇ.

ನಾನು ನಿಂತೆ. ‘ಹೌದು, ನಾನೇ. ಇಷ್ಟು ವರ್ಷ ಅವರನ್ನ ಅಂದ್ರಿ, ಅದು ತಪ್ಪು ವಿಳಾಸ. ಇನ್ನು ಮೇಲೆ ನನ್ನನ್ನೇ ಅನ್ನಿ’ ಎಂದೆ.

ಅವನು ಬಾಯಿ ಮುಚ್ಚಲಿಲ್ಲ. ಅಂಗಡಿಯ ತಿರುವು ದಾಟುವವರೆಗೂ ಬೈಯುತ್ತಲೇ ಇದ್ದ. ಒಂದು ಸಲವೂ ಗೆರೆಯಪ್ಪನ ಹೆಸರು ಎತ್ತಲಿಲ್ಲ.